ಒಂದೇ ನಿಮಿಷದಲ್ಲಿ ನಿಂತ ಕಂಪ್ಯೂಟರು

ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದು ನಂಬಿದ ಊರುಗಳಲ್ಲಿ ಕಂಪ್ಯೂಟರಿನ ಕೆಲಸ ಮಾಡುವವನಿಗೆ ಇಂಥ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ. ತೊಂಬತ್ತರ ದಶಕದಿಂದ ನಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿ, ಸೊಸೈಟಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಮೌಸ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಎರಡು ಪದ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ತನ್ನ ಪಾಡಿಗೆ ಲೆಕ್ಕ ಹಾಕುತ್ತಾ ಕೂರುತ್ತಿತ್ತು. ನನ್ನ ಲೆಕ್ಕ ಯಾವತ್ತೂ ತಪ್ಪಲಿಲ್ಲ. ಆದರೆ ಪರದೆಯ ಮೂಲೆಯಲ್ಲಿ ‘ಇನ್ನೆಷ್ಟು ಹೊತ್ತು’ ಎಂದು ತೋರಿಸುವ ಒಂದು ಸಾಲಿನಿಂದಾಗಿ ನಾನು ಮೂರು ಊರಿನಲ್ಲೂ ಬೈಸಿಕೊಂಡೆ.

ಬಾಯಿ ಬಂತು

ಆ ಸಾಲು ಮೊದಲು ಇರಲೇ ಇಲ್ಲ. ಬಂಟ್ವಾಳದಲ್ಲಿ ಜೀನಸಿನ ಸಗಟು ವ್ಯಾಪಾರ ಮಾಡುವ ಹಾಜಿಯವರ ಅಂಗಡಿಯಲ್ಲಿ ತಿಂಗಳ ಲೆಕ್ಕ ನಡೆಯುವಾಗ ಪರದೆ ಸುಮ್ಮನೆ ಕಪ್ಪಗಿರುತ್ತಿತ್ತು. ಯಂತ್ರ ಸತ್ತಿತೆಂದು ಅವರು ಸ್ವಿಚ್ ಆರಿಸುತ್ತಿದ್ದರು. ಲೆಕ್ಕ ಮತ್ತೆ ಮೊದಲಿಂದ.

“ಆರಿಸಬೇಡಿ ಹಾಜಿಯವರೇ, ಅದು ಕೆಲಸ ಮಾಡ್ತಾ ಉಂಟು” ಎಂದೆ.

“ಅದಕ್ಕೆ ಬಾಯಿ ಇಲ್ಲ ಮಾರಾಯ. ಜೀವ ಉಂಟಾ ಇಲ್ವಾ ಅಂತ ನಮಗೆ ಗೊತ್ತಾಗುವುದು ಹೇಗೆ?”

ಮಾತು ನ್ಯಾಯವಾಗಿತ್ತು. ಇನ್ನೆಷ್ಟು ಹೊತ್ತು ಬೇಕೆಂದು ತೋರಿಸುವ ಸಾಲನ್ನು ಸೇರಿಸಿದೆ. ಎಷ್ಟು ಕೆಲಸ ಮುಗಿದಿದೆ ಎಂದು ನೋಡಿ ಉಳಿದದ್ದನ್ನು ಅದು ಅಂದಾಜು ಮಾಡಬೇಕು. ಹಾಜಿಯವರು ಸಂಭ್ರಮದಿಂದ ಕುರ್ಚಿ ಎಳೆದುಕೊಂಡು ಎದುರು ಕುಳಿತರು. ಎರಡು ನಿಮಿಷ ಎಂದಿತು. ಆಮೇಲೆ ಏಳು ಎಂದಿತು. ಮತ್ತೆ ಮೂರು, ಮತ್ತೆ ಒಂಬತ್ತು.

ಹಾಜಿಯವರು ನಿಟ್ಟುಸಿರು ಬಿಟ್ಟರು. “ಇಷ್ಟು ದಿವಸ ಮೂಕ ಆಗಿತ್ತು, ಪಾಪ. ಬಾಯಿ ಬಂದ ಕೂಡಲೇ ಸುಳ್ಳು ಹೇಳ್ಲಿಕ್ಕೆ ಶುರು ಮಾಡಿತು.”

ಅರ್ಧ ತಲೆ

ಬೆಳ್ತಂಗಡಿಯ ಸೊಸೈಟಿಗೆ ಕೊಟ್ಟ ಪ್ರೋಗ್ರಾಂನಲ್ಲಿ ಜಾಗ ಉಳಿಸುವ ಜಾಣತನ ಮಾಡಿದೆ. ಹೊತ್ತು ಹೆಚ್ಚಿದ್ದರೆ ನಿಮಿಷದ ಅಂಕೆ, ಕಡಿಮೆಯಿದ್ದರೆ ಸೆಕೆಂಡಿನ ಅಂಕೆ. ಯಾವುದು ಯಾವುದೆಂದು ಪಕ್ಕದಲ್ಲಿ ಬರೆಯಲಿಲ್ಲ. ನೋಡಿದವರಿಗೆ ಗೊತ್ತಾಗದೇ ಇರುತ್ತದೆಯೇ ಎಂಬ ಧೈರ್ಯ.

ಸೊಸೈಟಿಯ ಕಾರ್ಯದರ್ಶಿಗಳು ಒಂದು ದಿನ ಪರದೆಯಲ್ಲಿ ನಲವತ್ತೈದು ಎಂಬುದನ್ನು ನೋಡಿದರು. ಹಿಂದಿನ ಸಲ ಅದು ನಿಮಿಷವಾಗಿತ್ತು. “ಮುಕ್ಕಾಲು ಗಂಟೆ ಉಂಟಲ್ಲ, ಒಂದು ಕಟಿಂಗ್ ಮಾಡಿಸಿ ಬರ್ತೇನೆ” ಎಂದು ಎದುರಿನ ಕ್ಷೌರದಂಗಡಿಗೆ ನಡೆದರು.

ಈ ಸಲ ಅದು ಸೆಕೆಂಡು. ಅವರು ರಸ್ತೆ ದಾಟುವುದರೊಳಗೆ ಕೆಲಸ ಮುಗಿದು, ಮುಂದುವರಿಸಲೋ ಬೇಡವೋ ಎಂದು ಯಂತ್ರ ಕೇಳುತ್ತಾ ನಿಂತಿತು. ಕಾರ್ಯದರ್ಶಿಗಳಿಲ್ಲದೆ ಗುಂಡಿ ಒತ್ತುವ ಧೈರ್ಯ ಯಾರಿಗೂ ಇಲ್ಲ. ರಶೀದಿಗೆ ಕಾದು ನಿಂತವರ ಸಾಲು ಮೆಟ್ಟಿಲವರೆಗೆ ಬೆಳೆಯಿತು. ಕೊನೆಗೆ ಗುಮಾಸ್ತರು ಓಡಿಹೋಗಿ ಅವರನ್ನು ಕರೆತಂದರು. ಕೊರಳಿಗೆ ಬಿಳಿ ಬಟ್ಟೆ, ಎಡಗಡೆ ಕೂದಲು ಸಣ್ಣ, ಬಲಗಡೆ ಹಾಗೆಯೇ ಉಂಟು. ಗುಂಡಿ ಒತ್ತಿ, ನನ್ನನ್ನು ಫೋನಿನಲ್ಲಿ ಹಿಡಿದರು.

“ನಿಮ್ಮ ಪ್ರೋಗ್ರಾಂ ನೂರು ಪರ್ಸೆಂಟ್ ಆಯಿತು. ನನ್ನ ತಲೆ ಐವತ್ತರಲ್ಲೇ ನಿಂತಿದೆ!”

ಪುಂಜಾಲಕಟ್ಟೆಯ ಪಾಠ

ಬುದ್ಧಿ ಬಂತು. ಹೊತ್ತು ಹೆಚ್ಚಿರಲಿ, ಕಡಿಮೆಯಿರಲಿ, ಗಂಟೆ, ನಿಮಿಷ, ಸೆಕೆಂಡು ಮೂರನ್ನೂ ಒಂದೇ ಕ್ರಮದಲ್ಲಿ ತೋರಿಸತೊಡಗಿದೆ. ಆದರೆ ಇಳಿಯಬೇಕಾದ ಅಂಕೆ ಏರುವ ರೋಗ ಮಾತ್ರ ಹೋಗಲಿಲ್ಲ.

ಅದನ್ನೇ ಯೋಚಿಸುತ್ತಾ ಪುಂಜಾಲಕಟ್ಟೆಯಲ್ಲಿ ನಿಂತ ಬಸ್ಸಿನಲ್ಲಿ ಕುಳಿತಿದ್ದೆ. ಯಾವಾಗ ಹೊರಡುವುದೆಂದು ಕೇಳಿದಾಗ ಕಂಡಕ್ಟರ್ “ಐದು ನಿಮಿಷ” ಎಂದಿದ್ದ. ಒಂದು ಚಾ ಕುಡಿದು ಬಂದು ಕೇಳಿದೆ. ಆಗಲೂ ಐದು.

“ಎಂತದು ಮಾರಾಯ, ಆಗಲೂ ಐದು, ಈಗಲೂ ಐದು?”

“ಈಗ ಹತ್ತು ಅಂದರೆ ನೀವು ಇಳಿದು ಹೋಗ್ತೀರಿ ಸರ್. ಐದರಲ್ಲೇ ನಿಲ್ಲಿಸಿದರೆ ಯಾರೂ ಇಳಿಯುವುದಿಲ್ಲ.”

ನನಗೆ ಜ್ಞಾನೋದಯವಾಯಿತು. ಅಂದಾಜು ಏರಿದರೂ ಪರದೆಯ ಅಂಕೆ ಏರಬಾರದು, ಇದ್ದಲ್ಲೇ ನಿಲ್ಲಬೇಕು. ಮನೆಗೆ ಹೋದವನೇ ಆ ಕಂಡಕ್ಟರನನ್ನು ಇಡಿಯಾಗಿ ಪ್ರೋಗ್ರಾಂ ಒಳಗೆ ಕೂರಿಸಿದೆ.

ಸೂರ್ಯನಿಗೊಂದು ಪ್ರೋಗ್ರಾಂ

ಕೂರಿಸಿದ್ದರ ಫಲ ಸಿಕ್ಕಿದ್ದು ಮೂಡುಬಿದಿರೆಯಲ್ಲಿ. ಅಲ್ಲಿನ ಪಾತ್ರೆ ಅಂಗಡಿಯ ಯಜಮಾನರು ಜೈನರು. ಸೂರ್ಯ ಮುಳುಗಿದ ಮೇಲೆ ಊಟ ಮುಟ್ಟುವವರಲ್ಲ. ಮದುವೆಯಿರಲಿ, ಪ್ರಯಾಣವಿರಲಿ, ಆ ನೇಮ ಒಮ್ಮೆಯೂ ತಪ್ಪಿಸಿದವರಲ್ಲ. ದೀಪಾವಳಿಯ ಹೊತ್ತಿಗೆ ವರ್ಷದ ಲೆಕ್ಕ ಮುಗಿಸಲು ನಾನು ಹೋಗಿದ್ದೆ. ಪಾತ್ರೆ ಕೊಳ್ಳಲು ವ್ಯಾನಿನಲ್ಲಿ ಬಂದ ಬಂಟ್ವಾಳದ ಹಾಜಿಯವರು ನನ್ನನ್ನು ವಾಪಸು ಕರೆದೊಯ್ಯಲು ಕಾದು ಕುಳಿತಿದ್ದರು. ಆ ವರ್ಷ ರಂಜಾನೂ ಅದೇ ದಿನಗಳಲ್ಲಿ ಬಂದಿತ್ತು. ಅವರಿಗೆ ಉಪವಾಸ. ಮಡಿಲಲ್ಲಿ ಖರ್ಜೂರದ ಪೊಟ್ಟಣ.

ಲೆಕ್ಕ ಮುಗಿದಾಗ ಯಂತ್ರ ಗುಟ್ಟಿನ ಪದ ಕೇಳುತ್ತದೆ. ಅದು ಯಜಮಾನರಿಗೆ ಮಾತ್ರ ಗೊತ್ತು. ನನಗೂ ಹೇಳಲೊಲ್ಲರು. ಕೇಳಿದ ಕೂಡಲೇ ಹಾಕದಿದ್ದರೆ ಲೆಕ್ಕ ಮತ್ತೆ ಮೊದಲಿಂದ. ಹಾಗಾಗಿ ಅವರು ಏಳುವಂತಿಲ್ಲ. ಪರದೆ ಒಂದು ನಿಮಿಷಕ್ಕೆ ಇಳಿಯಿತು. ಅಲ್ಲೇ ನಿಂತಿತು.

ಯಜಮಾನರಿಗೆ ಮನೆಯಿಂದ ಫೋನು ಬಂತು. “ಒಂದು ನಿಮಿಷ, ಬಂದೆ” ಎಂದರು. ಮತ್ತೊಮ್ಮೆ ಬಂತು. “ಒಂದೇ ನಿಮಿಷ.” ಮೂರನೆಯ ಸಲ ಯಜಮಾನತಿಯ ಧ್ವನಿ ನಮಗೂ ಕೇಳಿಸಿತು: “ಅರ್ಧ ಗಂಟೆಯಿಂದ ಒಂದೇ ನಿಮಿಷ ಹೇಳ್ತಾ ಇದ್ದೀರಲ್ಲ, ನಿಮಗೂ ಕಂಪ್ಯೂಟರಿನ ಗಾಳಿ ಬಡಿಯಿತಾ? ಹೊರಗೆ ಸೂರ್ಯನನ್ನಾದರೂ ನೋಡಿ!”

ನೋಡಿದರು. ರಸ್ತೆಯ ಆಚೆಯ ಮಾಡುಗಳ ಮೇಲೆ ಕೆಂಪು ಬಿದ್ದಿತ್ತು. ಯಜಮಾನರ ಮುಖ ಸಣ್ಣದಾಯಿತು. ಇಷ್ಟು ವರ್ಷದ ನೇಮ ನನ್ನ ಒಂದು ಸಾಲಿನಿಂದ ಕೆಡುತ್ತದಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು. ಅಷ್ಟರಲ್ಲಿ ಯಜಮಾನತಿಯೇ ಬುತ್ತಿ ಹಿಡಿದು ದುಡುದುಡು ಬಂದರು. ನನ್ನ ಕಡೆ ಒಮ್ಮೆ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಯಜಮಾನರು ಕೌಂಟರಿನ ಹಿಂದೆಯೇ ಕುಳಿತು ಗಬಗಬನೆ ಉಣ್ಣತೊಡಗಿದರು. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಆಕಾಶದ ಮೇಲೆ. ಹಾಜಿಯವರೂ ಅದೇ ಸೂರ್ಯನನ್ನೇ ನೋಡುತ್ತಿದ್ದರು. ಯಜಮಾನರಿಗೆ ಅವನು ಮುಳುಗಬಾರದು, ಉಪವಾಸ ಬಿಡಲು ಕಾದ ಹಾಜಿಯವರಿಗೆ ಬೇಗ ಮುಳುಗಬೇಕು. ಪರದೆಯಲ್ಲಿ ಮಾತ್ರ ಈಗಲೂ ಒಂದು ನಿಮಿಷ.

ಬಾಯಿ ತುಂಬ ಅನ್ನ ಇಟ್ಟುಕೊಂಡೇ ಯಜಮಾನರು ನನಗೆಂದರು: “ಮಾರಾಯ್ರೆ, ಆ ಸೂರ್ಯನಿಗೂ ನಿಮ್ಮ ಪ್ರೋಗ್ರಾಂ ಒಂದು ಹಾಕಿ ಬಿಡಿ. ಅವನೂ ಒಂದು ನಿಮಿಷ ಅಂತ ಹೇಳಿ ಅರ್ಧ ಗಂಟೆ ನಿಲ್ಲಲಿ. ನಾನು ನಿಧಾನ ಊಟ ಮಾಡ್ತೇನೆ.”

ಹಾಜಿಯವರು ಖರ್ಜೂರದ ಪೊಟ್ಟಣ ಎದೆಗವಚಿಕೊಂಡು ಧಡಕ್ಕನೆ ಎದ್ದು ನಿಂತರು.

“ಬೇಡ ಬೇಡ! ಇವನ ಕೈಗೆ ಸೂರ್ಯನನ್ನು ಕೊಟ್ಟರೆ ನನಗೆ ಇನ್ನು ಹಬ್ಬದ ದಿವಸವೇ ಊಟ!”