ಬಾಯಲ್ಲಿ ಗುಂಡುಸೂಜಿ

ಪರದೆಯ ಅಂಚನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಎಡಗೈಯಲ್ಲಿ ಮಡಿಕೆ ತಿರುವಿ, ತುಟಿಗಳ ನಡುವಿನಿಂದ ಒಂದು ಗುಂಡುಸೂಜಿ ಎಳೆದು ಚುಚ್ಚುವಷ್ಟರಲ್ಲಿ ಮಡಿಕೆ ಮತ್ತೆ ಬಿಚ್ಚಿಕೊಂಡಿತು. ಬಲಗೈ ಮಾತ್ರ, ಮುನಿಸಿಕೊಂಡ ನೆಂಟನ ಹಾಗೆ, ಪ್ಲಾಸ್ಟರಿನೊಳಗೆ ಸುಮ್ಮನೆ ಕೂತಿತ್ತು. ಯಾವ ಕೆಲಸಕ್ಕೂ ಕೈಹಾಕುವುದಿಲ್ಲ ಎಂದು ಶಪಥ ಮಾಡಿದಂತಿತ್ತು.

ಅವಳು ಪರದೆ ಹೊಲಿಯುವವಳು. ಬೀದಿಯವರಿಗೆಲ್ಲ ಪರದೆಯಕ್ಕ. ಕೈ ಮುರಿದ ಮೇಲೆ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ನೋವು ಪೂರ್ತಿ ಹೋಗುತ್ತಿರಲಿಲ್ಲ, ಎದ್ದು ಪಕ್ಕದ ಕೋಣೆಗೆ ಹೋಗಿ ಕೂರುತ್ತಿತ್ತು, ಅಷ್ಟೆ. ಅಲ್ಲಿಂದ ಆಗಾಗ ಕೆಮ್ಮುತ್ತಿತ್ತು. ಈ ಮನೆಯಲ್ಲಿ ಒಂದು ಪ್ರತ್ಯೇಕ ಕೋಣೆ ಅಂತ ಸಿಕ್ಕಿದ್ದು ಅವಳ ನೋವಿಗೊಂದೇ. ಅವಳಿಗಿದ್ದದ್ದು ಊಟದ ಮೇಜು. ತಟ್ಟೆ ಬಂದಾಗೆಲ್ಲ ಹೊಲಿಗೆ ಯಂತ್ರ ಮಂಚದ ಕೆಳಗೆ ಹೋಗಬೇಕು, ತಟ್ಟೆ ಎದ್ದ ಮೇಲೆ ಅದು ಮೇಲೆ ಬರಬೇಕು. ಎಷ್ಟೋ ಮನೆಗಳ ಕಿಟಕಿಗೆ ಪರದೆ ಹೊಲಿದಿದ್ದಳು. ತನ್ನದು ಎನ್ನುವ ಒಂದು ಕಿಟಕಿಗೆ ಹೊಲಿದಿರಲಿಲ್ಲ.

ಬೀದಿಯ ಕೊನೆಯಲ್ಲಿ, ಬೀಗ ರಿಪೇರಿ ಅಂಗಡಿಯ ಮಗ್ಗುಲಿಗೆ, ಒಂದು ಪುಟ್ಟ ಬಾಡಿಗೆ ಕೋಣೆ ಖಾಲಿ ಬಿದ್ದಿತ್ತು. ಒಂದು ಬಾಗಿಲು, ಒಂದು ಕಿಟಕಿ, ಒಳಗಿನಿಂದ ಹಾಕುವ ಚಿಲಕ. ಮಾತ್ರೆಯ ಮಂಪರಿನಲ್ಲಿ ಅವಳು ದಿನಾ ಕೂತಲ್ಲಿಂದಲೇ ಅಲ್ಲಿಗೆ ಹೋಗಿ, ಚಿಲಕ ಹಾಕಿಕೊಂಡು ಕೂತು ಬರುತ್ತಿದ್ದಳು.

"ಏನೇ, ಪರಿಹಾರ ಕೇಳಿದ್ಯೋ ಇಲ್ವೋ?"

ಚಿಲಕ ಹಾಕಿದ್ದರೂ ಒಳಗೆ ಬಂದವರು ಟೀಚರಮ್ಮ. ಮಹಡಿ ಮನೆಯವರು. ನಿವೃತ್ತರಾದ ಮೇಲೆ ಪಾಠ ಹೇಳಲು ಮಕ್ಕಳಿಲ್ಲದೆ ಇಡೀ ಬೀದಿಯನ್ನೇ ಒಂದು ತರಗತಿ ಮಾಡಿಕೊಂಡವರು.

"ಹ್ಞೂಂ?" ಎಂದಳು ಪರದೆಯಕ್ಕ. ಬಾಯಲ್ಲಿ ಗುಂಡುಸೂಜಿ ಇದ್ದಾಗ ಅದೊಂದೇ ಮಾತು ಹೊರಡುವುದು. 'ಏನಂದ್ರಿ' ಅನ್ನುವುದಕ್ಕೂ ಹ್ಞೂಂ, 'ಸ್ವಲ್ಪ ತಡೀರಿ' ಅನ್ನುವುದಕ್ಕೂ ಹ್ಞೂಂ, 'ಖಂಡಿತ ಬೇಡ' ಅನ್ನುವುದಕ್ಕೂ ಹ್ಞೂಂ. ಕೇಳುವವರು ಮಾತ್ರ ಎಲ್ಲವನ್ನೂ 'ಆಗಲಿ' ಎಂದೇ ತಿಳಿಯುತ್ತಿದ್ದರು. ಹಾಗಾಗಿ ಆ ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವಳ ಬಾಯಲ್ಲಿ ಗುಂಡುಸೂಜಿ ಇರುವಾಗಲೇ ಆಗಿದ್ದವು. ಗೋಡೆಗೆ ಪಾಚಿ ಬಣ್ಣ ಬಳಿದದ್ದು ಹಾಗೇ. ಅತ್ತೆಯ ತಂಗಿ ಒಂದು ವಾರಕ್ಕೆಂದು ಬಂದು ಒಂದು ವರ್ಷ ಇದ್ದದ್ದೂ ಹಾಗೇ.

"ಕೇಳ್ತೀಯ ತಾನೆ? ಸರಿ, ಏಳು. ಕೈ ಮುರಿದಿದ್ದು ಬ್ರೆಡ್ಡಣ್ಣನ ಗಾಡೀಲಿ. ಅವನ ವಿಮೆ ಕಂಪನಿಯವರು ನಿನಗೆ ದುಡ್ಡು ಕೊಡ್ಲೇಬೇಕು. ಎರಡು ತಿಂಗಳು ಹೊಲಿಗೆ ಇಲ್ಲ ಅಂದ್ರೆ ಏನು ತಮಾಷೇನಾ?"

ಪರದೆಯಕ್ಕ ಒಂದೊಂದಾಗಿ ಗುಂಡುಸೂಜಿ ಉಗಿದಳು. "ಪಾಪ, ಅವನು ಬೇಕು ಅಂತ ಮಾಡಿದ್ನಾ ಟೀಚರಮ್ಮ? ಸೀನು ಬಂತು."

ಬಂದದ್ದು ನಿಜ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ತಲುಪಿಸಬೇಕಾಗಿತ್ತು. ಎದುರು ಮನೆಯ ಬ್ರೆಡ್ಡಣ್ಣ, "ಹತ್ತಿ ಅಕ್ಕಾ, ಆ ಕಡೇನೇ ಹೋಗ್ತಿದೀನಿ" ಎಂದಿದ್ದ. ಬೀದಿ ದಾಟುವ ಮೊದಲೇ ಅವನಿಗೆ ಮೂರು ಸೀನು ಬಂದವು. ಮೊದಲನೆಯದಕ್ಕೆ ವ್ಯಾನು ಓಲಾಡಿತು, ಎರಡನೆಯದಕ್ಕೆ ಫುಟ್‌ಪಾತ್ ಹತ್ತಿತು, ಮೂರನೆಯದಕ್ಕೆ ದೀಪದ ಕಂಬವನ್ನು ಹಳೇ ಗೆಳೆಯನ ಹಾಗೆ ತಬ್ಬಿಕೊಂಡಿತು. ಹಿಂದಿನಿಂದ ಬ್ರೆಡ್ಡುಗಳು ಮೆತ್ತಗೆ ಬಂದು ಅವಳ ಮೇಲೆ ಬಿದ್ದವು. ಅವುಗಳ ಟ್ರೇ ಅಷ್ಟು ಮೆತ್ತಗಿರಲಿಲ್ಲ.

"ಸೀನಿಗೂ ಕಾನೂನಿದೆ, ಬಾ" ಎಂದರು ಟೀಚರಮ್ಮ.

ಪರದೆಯಕ್ಕ ಹೊರಟಳು. ಕಾನೂನಿಗಾಗಿ ಅಲ್ಲ. 'ದುಡ್ಡು' ಎಂಬ ಮಾತು ಕಿವಿಗೆ ಬಿದ್ದೊಡನೆ ಬೀದಿಯ ಕೊನೆಯ ಆ ಕೋಣೆಯ ಕಿಟಕಿ ತಾನಾಗಿ ತೆರೆದುಕೊಂಡು, ಒಳಗೆ ಬಿಸಿಲು ಬಿದ್ದದ್ದು ಅವಳಿಗೆ ಕಂಡಿತ್ತು.

ಬ್ರೆಡ್ಡಣ್ಣ ಮನೆ ಮುಂದೆ ನಿಂತ ವ್ಯಾನಿನ ನೆಗ್ಗಿದ ಮೂತಿಯನ್ನು ಸುತ್ತಿಗೆಯಿಂದ ಕುಟ್ಟುತ್ತಿದ್ದ. ಅವನ ಮೂಗಿನ ಮೇಲೂ ಒಂದು ಪಟ್ಟಿ ಇತ್ತು. ಇಬ್ಬರ ಮುಖವೂ ಒಂದೇ ತರಹ ಕಾಣುತ್ತಿತ್ತು.

"ವಿಮೆನಾ?" ಅವನ ಸುತ್ತಿಗೆ ಗಾಳಿಯಲ್ಲೇ ನಿಂತಿತು. "ವಿಮೆ ಇಲ್ವಲ್ಲ ಟೀಚರಮ್ಮ."

"ಇಲ್ವಾ? ವಿಮೆ ಇಲ್ದೆ ಗಾಡಿ ಓಡಿಸ್ತೀಯಾ? ನಾಚಿಕೆ ಆಗಲ್ವೇನೋ?"

"ಕಟ್ಟೋಕೆ ಹೋಗಿದ್ದೆ. 'ಗಾಡಿ ಯಾರ ಹೆಸರಲ್ಲಿದೆಯೋ ಅವರು ಬರಲಿ' ಅಂದ್ರು. ಭಾವನ್ನ ಕರೆದೆ. 'ನಾಳೆ ಬರ್ತೀನಿ' ಅಂದ್ರು."

"ಯಾವ ಭಾವ?"

"ಇದೇ ಅಕ್ಕನ ಯಜಮಾನ್ರು. ಗಾಡಿ ಮಾರಿದ್ದು ಅವರೇ ಅಲ್ವಾ? ಹೆಸರು ಬದಲಾಯಿಸಿ ಕೊಡ್ತೀನಿ ಅಂದಿದ್ರು. ನಾಳೆ ಅಂತ."

ಪರದೆಯಕ್ಕನಿಗೆ ಎಲ್ಲವೂ ಹಿತವಾಗಿ ನೆನಪಾಯಿತು. ಆ ವ್ಯಾನು ಒಂದು ಕಾಲದಲ್ಲಿ ನೀಲಿ ಬಣ್ಣದ್ದು. ಪರದೆಗಳನ್ನು ಊರೆಲ್ಲ ಸಾಗಿಸಿ ದೊಡ್ಡ ವ್ಯಾಪಾರ ಮಾಡುತ್ತೇನೆಂದು ಗಂಡ ಉಮೇದಿನಿಂದ ತಂದಿದ್ದ. ವ್ಯಾಪಾರವನ್ನು ನಾಳೆಯಿಂದ ಶುರು ಮಾಡುತ್ತೇನೆ ಎನ್ನುತ್ತಲೇ ಒಂದು ಮಳೆಗಾಲ ಕಳೆದು, ವ್ಯಾನಿನೊಳಗೆ ಬೆಕ್ಕು ಮರಿ ಹಾಕಿದ ಮೇಲೆ, ಬ್ರೆಡ್ಡಣ್ಣನಿಗೆ ಮಾರಿದ್ದ. ಬ್ರೆಡ್ಡಣ್ಣ ಹಳದಿ ಬಳಿದಿದ್ದ.

ಟೀಚರಮ್ಮನ ಕಣ್ಣುಗಳು ದೀಪ ಹತ್ತಿದ ಹಾಗೆ ಹೊಳೆದವು. "ಹಾಗಾದ್ರೆ ಮಾಲೀಕ ನೀನಲ್ಲ, ಇವಳ ಗಂಡ! ವಿಮೆ ಇಲ್ಲ ಅಂದ್ರೆ ಮಾಲೀಕನೇ ಕೈಯಿಂದ ಕೊಡಬೇಕು. ಸಂಬಳದಲ್ಲೇ ಹಿಡಿಸಬಹುದು ಕಣೇ!"

"ನನ್ನ ಗಂಡನ ಮೇಲೆ ನಾನು ಕೇಸು ಹಾಕೋದಾ?"

"ಯಾಕಾಗ್ಬಾರ್ದು? ಬೇರೆಯವರ ಗಂಡನ ಮೇಲೆ ಹಾಕಿದ್ರೆ ತಪ್ಪು."

ಬ್ರೆಡ್ಡಣ್ಣ ಸುತ್ತಿಗೆ ಕೆಳಗಿಟ್ಟ. ತಾನು ಬಚಾವಾದೆ ಎಂಬ ಸಂತೋಷಕ್ಕೆ, "ಸಾಕ್ಷಿಗೆ ನಾನು ಬರ್ತೀನಿ ಅಕ್ಕಾ" ಎಂದು ಚಪ್ಪಲಿ ಮೆಟ್ಟಿಕೊಂಡ.

ಪರದೆಯಕ್ಕ ಬೀದಿಯಲ್ಲಿ ನಡೆಯುತ್ತಿದ್ದಳೋ ತೇಲುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಗಂಡನೇ ಕೋಣೆ ಮಾಡಿಕೊಟ್ಟ ಹಾಗಾಗುತ್ತದೆ. ತಾನಾಗಿ ಕೊಡಿಸದಿದ್ದರೂ ಕಾನೂನು ಅವನ ಕೈ ಹಿಡಿದು ಕೊಡಿಸುತ್ತದೆ. ಕಿಟಕಿಗೆ ತಿಳಿ ಬಿಳಿ ಬಟ್ಟೆ. ಗಾಳಿ ಬಂದರೆ ಉಬ್ಬಬೇಕು, ಉಸಿರಾಡಿದ ಹಾಗೆ.

ಗಂಡ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಕೂರುತ್ತಿದ್ದ. ಟೀಚರಮ್ಮ ಸಾಲು ದಾಟಿ ಮುಂದೆ ಹೋಗಿ ಕಿಂಡಿಯೊಳಗೆ ಮುಖ ತೂರಿಸಿದರು.

"ನಿಮ್ಮ ಹೆಂಡತಿಗೆ ಪರಿಹಾರ ಕೊಡ್ತೀರೋ, ಕೇಸು ಹಾಕಿಸ್ಲೋ?"

ಗಂಡ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೆಂಡತಿಯನ್ನು ನೋಡಿದ. "ಏನೇ ಇದು? ಬೆಳಿಗ್ಗೆ ಚೆನ್ನಾಗಿದ್ದೆಯಲ್ಲ?"

"ವ್ಯಾನು ಇನ್ನೂ ನಿಮ್ಮ ಹೆಸರಲ್ಲೇ ಇದೆಯಂತಲ್ರೀ?"

"ಓ, ಅದಾ! ಅದನ್ನ ನಾಳೆ..."

ಸಾಲಿನಲ್ಲಿದ್ದ ಒಬ್ಬ ಮುದುಕ ಹಿಂದಿನವರಿಗೆ ವಿಷಯ ದಾಟಿಸಿದ. "ಹೆಂಡತಿ ಕೈ ಮುರಿದು ಹಾಕಿದ್ದಾರಂತೆ." ಮಾತು ಸಾಲಿನ ಕೊನೆ ಮುಟ್ಟುವಾಗ ಎರಡೂ ಕೈ, ಒಂದು ಕಾಲು ಮುರಿದಿತ್ತು. "ಕೊಟ್ಬಿಡಿ ಸಾರ್, ಪಾಪ!" ಎಂದು ಅಲ್ಲಿಂದ ಒಬ್ಬಾಕೆ ಕೂಗಿದಳು. ಗಂಡ ಕಿಂಡಿಗೆ 'ಊಟದ ವಿರಾಮ' ಫಲಕ ತಗುಲಿಸಿ ಹಿಂಬಾಗಿಲಿನಿಂದ ಹೊರಗೆ ಬಂದ. ಅವನು ನಾಳೆಗೆ ಮುಂದೂಡದೆ ಮಾಡಿದ ಕೆಲಸ ಬಹುಶಃ ಅದೊಂದೇ.

ವಕೀಲರ ಕಚೇರಿ ಪಕ್ಕದ ಓಣಿಯಲ್ಲಿತ್ತು. ಕುರ್ಚಿ ಎರಡೇ. ಒಂದರಲ್ಲಿ ಟೀಚರಮ್ಮ ಕೂತರು, ಇನ್ನೊಂದರಲ್ಲಿ ಅವರ ಚೀಲ ಕೂತಿತು. ವಕೀಲರು ಕಥೆಯನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋದರೇನೋ ಅನ್ನಿಸುವಷ್ಟರಲ್ಲಿ ಕಣ್ಣು ಬಿಟ್ಟರು.

"ವಿಮೆ ಇಲ್ಲದ ಗಾಡಿ. ಪ್ರಯಾಣಿಕರಿಗೆ ಪೆಟ್ಟು. ಮಾಲೀಕರೇ ಹೊಣೆ. ಒಳ್ಳೇ ಕೇಸು. ಗಾಡಿ ನಂಬರು ಹೇಳಿ."

ಬ್ರೆಡ್ಡಣ್ಣ ಹೇಳಿದ. ವಕೀಲರು ಕಂಪ್ಯೂಟರಿನಲ್ಲಿ ಒಂದು ಬೆರಳಿನಿಂದ ಕುಟ್ಟಿದರು. ಪರದೆ ಬೆಳಗಿತು. ಅವರು ಅದನ್ನು ನೋಡಿದರು, ಗಂಡನನ್ನು ನೋಡಿದರು, ಆಮೇಲೆ ನಿಧಾನವಾಗಿ ಅವಳ ಕಡೆ ತಿರುಗಿದರು.

"ನಿಮ್ಮ ಹೆಸರೇನಮ್ಮ?"

ಪರದೆಯಕ್ಕ ಹೇಳಿದಳು. ತುಂಬ ದಿನಗಳಾಗಿದ್ದರಿಂದ ಆ ಹೆಸರು ಅವಳ ಬಾಯಿಗೇ ಹೊಸದೆನಿಸಿತು.

"ಇನ್ನೊಂದ್ಸಲ ಹೇಳಿ."

ಹೇಳಿದಳು.

"ಹಾಗಾದರೆ ಗಾಡಿ ನಿಮ್ಮದೇ" ಎಂದರು ವಕೀಲರು. "ಮಾಲೀಕರು ನೀವೇ."

ಗಂಡ ಹಣೆ ಬಡಿದುಕೊಂಡ. "ಹೌದಲ್ಲ! ಮರ್ತೇ ಹೋಗಿತ್ತು ನೋಡು. ನಿನ್ನ ಹೆಸರಲ್ಲಿ ತಗೊಂಡ್ರೆ ಏಳಿಗೆ ಆಗುತ್ತೆ ಅಂತ ಅನ್ನಿಸ್ತು. ನಿನ್ನ ಕೇಳಿದ್ದೆ ಕಣೇ. 'ನಿನ್ನ ಹೆಸರಲ್ಲಿ ಮಾಡಿಸ್ಲಾ, ಇಲ್ಲೊಂದು ಸಹಿ ಹಾಕು' ಅಂದೆ. ನೀನು ಹ್ಞೂಂ ಅಂದೆ."

"ಬಾಯಲ್ಲಿ ಗುಂಡುಸೂಜಿ ಇತ್ತಲ್ರೀ!"

"ಅದು ನಂಗೇನು ಗೊತ್ತು? ಸಹಿ ನೀನು ಚೆನ್ನಾಗೇ ಹಾಕಿದ್ದೆ."

ಟೀಚರಮ್ಮ ಅಷ್ಟಕ್ಕೆಲ್ಲ ಸೋಲುವವರಲ್ಲ. "ಆಗ್ಲಿ, ಮಾಲೀಕರು ಯಾರಾದ್ರೂ ಸರಿ, ಪೆಟ್ಟಾಗಿರೋದು ನಿಜ ತಾನೆ? ಪರಿಹಾರ ಕೊಡ್ಲೇಬೇಕು!"

"ಕೊಡಬಹುದು" ಎಂದರು ವಕೀಲರು. "ಇವರು ಬಲಗೈಯಿಂದ ತೆಗೆದು ಎಡಗೈಗೆ ಕೊಡಬಹುದು. ಆದರೆ ಬಲಗೈ ಪ್ಲಾಸ್ಟರಿನಲ್ಲಿದೆ."

ಬ್ರೆಡ್ಡಣ್ಣ ಮೂಗಿನ ಪಟ್ಟಿ ಮುಟ್ಟಿಕೊಂಡ. "ಸಾರ್, ಹಾಗಾದ್ರೆ ನನ್ನ ಮೂಗಿಗೆ ಅಕ್ಕ ಕೊಡ್ಬೇಕಾಗುತ್ತಾ? ನಾನು ಕೇಳ್ತಿಲ್ಲ ಅಕ್ಕಾ. ಸುಮ್ನೆ ತಿಳ್ಕೊಳ್ಳೋಣ ಅಂತ."

"ಸೀನಿದ್ದು ನಿನ್ನ ಮೂಗೇ ಆದ್ದರಿಂದ ಅದಕ್ಕೆ ಏನೂ ಸಿಗೋದಿಲ್ಲ" ಎಂದರು ವಕೀಲರು. "ಆದರೆ ದೀಪದ ಕಂಬ ಸುಮ್ಮನಿರೋಲ್ಲ. ಬಗ್ಗಿದ ಕಂಬದ ಖರ್ಚನ್ನ ನಗರಸಭೆಯವರು ಗಾಡಿ ಮಾಲೀಕರಿಂದಲೇ ವಸೂಲಿ ಮಾಡ್ತಾರೆ. ಗಾಡಿ ನಂದು ಅನ್ನೋರು ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬಹುದು."

ಅಲ್ಲಿಯವರೆಗೆ ಆ ವ್ಯಾನನ್ನು ನನ್ನದು, ನನ್ನ ಹೊಟ್ಟೆಪಾಡು, ನನ್ನ ಲಕ್ಷ್ಮಿ ಎನ್ನುತ್ತಿದ್ದ ಬ್ರೆಡ್ಡಣ್ಣ ಜೇಬಿಗೆ ಕೈಹಾಕಿ, ಕೀಲಿಯನ್ನು ತೆಗೆದು, ಅವಳ ಎಡಗೈಯಲ್ಲಿಟ್ಟ.

"ನಿಮ್ಮ ಗಾಡಿ ನಿಮಗೇ ಇರ್ಲಿ ಅಕ್ಕಾ. ಹೇಗೂ ಅರ್ಧ ದುಡ್ಡೇ ಕೊಟ್ಟಿದ್ದು. ಉಳಿದರ್ಧ ಹೆಸರು ಬದಲಾದ ಮೇಲೆ ಅಂತ ಮಾತಾಗಿತ್ತು. ಅಲ್ಲಿವರೆಗೆ ಬಡ್ಡಿಗೆ ದಿನಾ ಒಂದು ಬ್ರೆಡ್ಡು ಕೊಡ್ತಿದ್ದೆ. ಇಷ್ಟು ದಿನ ಓಡಿಸಿದ್ದಕ್ಕೆ, ನೀವು ತಿಂದಿದ್ದಕ್ಕೆ, ಅಲ್ಲಿಗಲ್ಲಿಗೆ ಆಯ್ತು. ನಂಗಿನ್ನು ಸೈಕಲ್ಲೇ ಸಾಕು."

ಪರದೆಯಕ್ಕ ಗಂಡನ ಮುಖ ನೋಡಿದಳು. ಇವನಿಗೆ ಬ್ರೆಡ್ಡೆಂದರೆ ಪ್ರಾಣವೆಂದು ಅವಳು ತಿಳಿದಿದ್ದಳು, ಇಷ್ಟು ವರ್ಷ ದಿನಾ ಬೆಳಿಗ್ಗೆ ಇಬ್ಬರೂ ಅದನ್ನೇ ತಿಂದಿದ್ದರು. ಅವಳು ತನ್ನ ವ್ಯಾನನ್ನೇ ಚೂರು ಚೂರಾಗಿ ನುಂಗುತ್ತಿದ್ದಳು ಎಂಬುದು ಈಗ ತಿಳಿಯಿತು. ಗಂಡ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ್ದ.

ಹಿಂತಿರುಗಿ ಬರುವಾಗ ಬೀದಿಯ ಕೊನೆಯ ಕೋಣೆಗೆ ಬಾಡಿಗೆಯವರು ಬಂದಿದ್ದರು. ಬಾಗಿಲಲ್ಲಿ ಯಾರದೋ ಚಪ್ಪಲಿ, ಕಿಟಕಿಯಲ್ಲಿ ಯಾರದೋ ಟವೆಲು. "ಹೋಗ್ಲಿ ಬಿಡೇ, ಕಂಬದ ಖರ್ಚು ಕಂತಲ್ಲಿ ಕಟ್ಟೋ ಹಾಗೆ ಅರ್ಜಿ ನಾನು ಬರೆದುಕೊಡ್ತೀನಿ" ಎಂದು ಟೀಚರಮ್ಮ ಸಮಾಧಾನ ಹೇಳಿ, ಇಳಿಬಿಸಿಲಿನಲ್ಲಿ ಮಹಡಿ ಹತ್ತಿದರು.

ಗಂಡ ಒಳಗೆ ಹೋದ. ಪರದೆಯಕ್ಕ ಹೋಗಲಿಲ್ಲ. ರಸ್ತೆ ದಾಟಿ ವ್ಯಾನಿನ ಹಿಂದೆ ನಿಂತಳು. ಕೀಲಿ ತಿರುಗಿಸಲು ಎಡಗೈಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲು ತೆರೆಯಿತು. ಹತ್ತಿ ಕೂತಳು.

ಒಳಗೆಲ್ಲ ಬೆಚ್ಚಗಿನ ಬ್ರೆಡ್ಡಿನ ವಾಸನೆ. ರಿಪೇರಿಗೆಂದು ಟ್ರೇಗಳನ್ನು ಇಳಿಸಿದ್ದರಿಂದ ಜಾಗ ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಮಗ್ಗುಲಲ್ಲಿ ಒಂದು ಗಾಜಿನ ಕಿಟಕಿ. ಗಾಜಿನ ಅಂಚಿನಲ್ಲಿ ಹಳದಿ ಉದುರಿ ಅಡಿಯ ನೀಲಿ ಇಣುಕುತ್ತಿತ್ತು. ಅವಳು ಬಾಗಿಲೆಳೆದುಕೊಂಡಳು. ಒಳಗಿನಿಂದ ಚಿಲಕವಿತ್ತು. ಹಾಕಿದಳು. ಹೊರಗಿನ ಬೀದಿ, ಟೀಚರಮ್ಮನ ದನಿ, ಬಗ್ಗಿದ ಕಂಬ, ಎಲ್ಲವೂ ಮಾತ್ರೆ ನುಂಗಿದ ನೋವಿನ ಹಾಗೆ ಪಕ್ಕದ ಕೋಣೆಗೆ ಹೋಗಿ ಕೂತವು.

ಯಂತ್ರ ಇಲ್ಲಿ, ಕಿಟಕಿಯ ಕೆಳಗೆ. ಬಟ್ಟೆಯ ಸುರುಳಿಗಳು ಅಲ್ಲಿ. ಅವಳು ಗೇಣು ಹಾಕಿ ಕಿಟಕಿ ಅಳೆದಳು. ಬಿಳಿ ಬಟ್ಟೆ ಸ್ವಲ್ಪವೇ ಸಾಕು. ಕಂಬದ ಕಂತನ್ನು ಹೇಗೋ ಹೊಲಿದು ತೀರಿಸಬಹುದು. ಇನ್ನು ವಿಮೆ? ನಿಂತಲ್ಲೇ ನಿಂತ ಗಾಡಿಯೊಳಗೆ ಕೂತವಳು ಎಲ್ಲಿಗೆ ಹೋಗಿ ಯಾವ ಕಂಬಕ್ಕೆ ಗುದ್ದುತ್ತಾಳೆ?

ಕತ್ತಲಾಗುವ ಮೊದಲು ಮನೆಗೆ ಬಂದಾಗ ಗಂಡ ಊಟದ ಮೇಜಿನ ಮುಂದೆ ಕೂತು ಯೋಚಿಸುತ್ತಿದ್ದ. ಅವಳು ಬೆಳಿಗ್ಗೆಯ ಪರದೆಯನ್ನು ಎತ್ತಿಕೊಂಡಳು.

"ಒಂದು ಮಾತು ಕೇಳೇ" ಎಂದ ಗಂಡ.

ಅವಳು ಡಬ್ಬಿಯಿಂದ ಗುಂಡುಸೂಜಿಗಳನ್ನು ತೆಗೆದು, ಅವಸರವಿಲ್ಲದೆ, ಒಂದೊಂದಾಗಿ ತುಟಿಗಳ ನಡುವೆ ಇಟ್ಟುಕೊಂಡಳು. ಬೇಕಾದದ್ದಕ್ಕಿಂತ ಹೆಚ್ಚೇ ಇಟ್ಟುಕೊಂಡಳು.

"ಆ ದರಿದ್ರ ಗಾಡಿ ಮನೆ ಮುಂದೆ ಬೇಡ. ಗುಜರಿಯವನಿಗೆ ಹೇಳಿ ಎತ್ತಿಸಿಬಿಡ್ತೀನಿ. ನಾಳೆ. ಆಗ್ಬಹುದಾ?"

ಅವನ ಆ ನಾಳೆ ಬರುವಷ್ಟರಲ್ಲಿ ಕೈ ಕೂಡಿಕೊಂಡಿರುತ್ತದೆ, ಕಿಟಕಿಗೆ ಪರದೆ ಬಂದಿರುತ್ತದೆ. ಸೊಂಟದ ಬಳಿ ಸಿಕ್ಕಿಸಿಕೊಂಡ ಕೀಲಿ ತಣ್ಣಗೆ ತಾಗುತ್ತಿತ್ತು.

"ಹ್ಞೂಂ" ಎಂದಳು ಪರದೆಯಕ್ಕ.