ಮಾನ್ಯ ನಿರ್ದೇಶಕರ ಭಾವಚಿತ್ರ ಕದಲದಂತೆ ವರದಿ ತಯಾರಿಸುವ ಬಗ್ಗೆ

ಸಂಖ್ಯೆ: ವರದಿ/ಚಿತ್ರ/ಅಂತಿಮ-ಅಂತಿಮ-ಹೊಸದು-3

ಸುತ್ತೋಲೆ

ವಿಷಯ: ವಾರ್ಷಿಕ ವರದಿಯನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟುಗೊಳಿಸುವಾಗ ಮಾನ್ಯ ನಿರ್ದೇಶಕರ ಭಾವಚಿತ್ರವು ಸ್ಥಳ ಬಿಟ್ಟು ಹೋಗುತ್ತಿರುವ ಕುರಿತು.

ಉಲ್ಲೇಖ: 1. ಇದೇ ವಿಷಯದ ಹಿಂದಿನ ಸುತ್ತೋಲೆ (ವರದಿಯೊಳಗೇ ಎಲ್ಲೋ ಸೇರಿಹೋಗಿದ್ದು, ಹುಡುಕಲಾಗುತ್ತಿದೆ).
2. ಮಾನ್ಯ ನಿರ್ದೇಶಕರ ಮೌಖಿಕ ಅಭಿಪ್ರಾಯ: “ಏನ್ರೀ ಇದು?”

*

ವರದಿ ವಿಭಾಗದ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಮುನ್ನುಡಿಯ ಪುಟದಲ್ಲಿ ಗಾಂಭೀರ್ಯದಿಂದ ಇರಬೇಕಾದ ಮಾನ್ಯ ನಿರ್ದೇಶಕರ ಭಾವಚಿತ್ರವು ಯಾರ ಅನುಮತಿಯನ್ನೂ ಪಡೆಯದೆ ಹೊರಟು, 112ನೇ ಪುಟದ ‘ವಿಲೇವಾರಿಗೆ ಕಾದಿರುವ ಹಳೆಯ ಸಾಮಾನುಗಳು’ ಎಂಬ ಅಧ್ಯಾಯದಲ್ಲಿ, ರೆಕ್ಕೆ ಮುರಿದ ಫ್ಯಾನು ಮತ್ತು ಸೋರುವ ನೀರಿನ ಟ್ಯಾಂಕಿನ ನಡುವೆ ಪತ್ತೆಯಾಗಿರುತ್ತದೆ. ವಾಪಸ್ ತಂದು ಕೂರಿಸಿದಾಗಲೆಲ್ಲ ಮತ್ತೆ ಅಲ್ಲಿಗೇ ಹೋಗುತ್ತಿದೆ. ಚಿತ್ರ ಸ್ವಲ್ಪ ಮೇಲಕ್ಕೆ ಹೋಗಲಿ ಎಂದು ಮೊದಲು ಹೇಳಿದವರು ಯಾರೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಆ ಬಗ್ಗೆ ಯಾರೂ ಕೆಳಸಹಿದಾರರ ಕಡೆ ನೋಡತಕ್ಕದ್ದಲ್ಲ.

ವಿಚಾರಣೆ ನಡೆಸಲಾಗಿ, ಹೊಸ ಪುಟ ಬೇಕಾದಾಗ ಅದು ಬರುವವರೆಗೂ ಎಂಟರ್ ಗುಂಡಿಯನ್ನು ಕುಟ್ಟುತ್ತಲೇ ಇರುವುದು ನಮ್ಮ ವಿಭಾಗದ ಹಳೆಯ ರೂಢಿಯೆಂದೂ, ಇದರಿಂದಾಗಿ ಯಾರಾದರೂ ಒಂದು ಸಾಲು ಸೇರಿಸಿದರೆ ಅದರ ಕೆಳಗಿನ ಅಧ್ಯಾಯಗಳೆಲ್ಲ ಒಂದರ ಮೇಲೊಂದು ಬೀಳುತ್ತವೆಂದೂ ತಿಳಿದುಬಂದಿದೆ. ವರದಿ ಮುಗಿಯುವವರೆಗೆ ಯಾರಿಗೂ ರಜೆ ಇಲ್ಲವೆಂಬ ಆದೇಶ ಜಾರಿಯಲ್ಲಿರುವುದರಿಂದ, ಮಗಳ ಹೆರಿಗೆಗೆಂದು ರಜೆ ಕೇಳಿರುವ ಹಿರಿಯ ಬೆರಳಚ್ಚುಗಾರ್ತಿಯವರ ಅರ್ಜಿಯೂ ಸದರಿ ಚಿತ್ರದೊಂದಿಗೇ ಅಲೆದಾಡುತ್ತಿದೆ. ಈ ಸುತ್ತೋಲೆಯನ್ನು ಬೆರಳಚ್ಚು ಮಾಡುತ್ತಿರುವವರೂ ಅವರೇ. ಗುಂಡಿಗಳ ಮೇಲೆ ಅವರು ತೀರಿಸಿಕೊಳ್ಳುತ್ತಿರುವ ಸಿಟ್ಟನ್ನು ಗಮನಿಸಲಾಗಿದೆ.

ಆದಕಾರಣ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಎಂಟರ್ ಗುಂಡಿಯನ್ನು ಒತ್ತುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು. ಅನುಮತಿ ಕೋರುವ ಪತ್ರದಲ್ಲಿ ಎಂಟರ್ ಒತ್ತಬೇಕಾಗಿ ಬಂದಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು.

2. ಶೀರ್ಷಿಕೆಯನ್ನು ಸಾಲಿನ ನಡುವಿಗೆ ತರಲು ಸ್ಪೇಸ್ ಬಾರ್ ಒತ್ತುತ್ತಾ, ಒಂದು ಕಣ್ಣು ಮುಚ್ಚಿ ಅಂದಾಜು ನೋಡುವ ಪದ್ಧತಿಯನ್ನು ಮುಂದುವರಿಸಬಹುದು. ಆದರೆ ಕೆಲವರು ಎಡಗಣ್ಣನ್ನೂ ಕೆಲವರು ಬಲಗಣ್ಣನ್ನೂ ಮುಚ್ಚುತ್ತಿರುವುದರಿಂದ ಶೀರ್ಷಿಕೆಗಳು ಆಚೀಚೆ ವಾಲಿವೆ. ಇನ್ನು ಮುಂದೆ ವಿಭಾಗದ ಸಮಸ್ತರೂ ಎಡಗಣ್ಣನ್ನೇ ಮುಚ್ಚತಕ್ಕದ್ದು.

3. ಪರಿವಿಡಿಗೆ ಈಗಾಗಲೇ ಸಹಿಯಾಗಿರುವುದರಿಂದ ಅದನ್ನು ಬದಲಿಸುವಂತಿಲ್ಲ. ನಲವತ್ತನೇ ಪುಟದಲ್ಲಿ ಇರಬೇಕಾದ ಅಧ್ಯಾಯವು ನಲವತ್ತಮೂರರಲ್ಲಿ ಸಿಕ್ಕಿದಲ್ಲಿ, ಓದುಗರು ಅದನ್ನು ನಲವತ್ತೆಂದೇ ಭಾವಿಸಿ ಸಹಕರಿಸತಕ್ಕದ್ದು.

4. ಯಾರು ಏನೇ ಸರ್ಕಸ್ ಮಾಡಿದರೂ ಅಳಿಸಲಾಗದ 57ನೇ ಖಾಲಿ ಪುಟಕ್ಕೆ ಕಿಟಕಿ ಪಕ್ಕದ ಮೇಜಿನ ಗುಮಾಸ್ತರನ್ನು ಉಸ್ತುವಾರಿಯಾಗಿ ನೇಮಿಸಲಾಗಿದೆ. ಪುಟವು ಖಾಲಿಯಾಗಿಯೇ ಇದೆ ಎಂದು ಅವರು ದಿನವೂ ವರದಿ ಸಲ್ಲಿಸುವುದು. ಆ ವರದಿಗಳನ್ನೆಲ್ಲ ಈ ವರದಿಗೆ ಅನುಬಂಧವಾಗಿ ಸೇರಿಸುವುದು.

2. ಇದು ಐದನೆಯದು. ಕ್ರಮಸಂಖ್ಯೆಯನ್ನು ಕಂಪ್ಯೂಟರೇ ಹಾಕಿಕೊಂಡಿದ್ದು, ತಿದ್ದಲು ಹೋದರೆ ಸುತ್ತೋಲೆ ಪೂರ್ತಿ ಬಲಕ್ಕೆ ಸರಿಯುತ್ತದೆ. ಈ ಗಲಾಟೆಯಲ್ಲಿ ಇಲ್ಲಿ ಹೇಳಬೇಕಾಗಿದ್ದ ನಿಯಮ ಮರೆತುಹೋಗಿದೆ. ಆದಾಗ್ಯೂ ಅದನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

6. ಭಾವಚಿತ್ರದ ಪುಟ ತೆರೆದಿರುವಾಗ ಸೀನುವುದು, ಆಕಳಿಸುವುದು, ಬಾಗಿಲನ್ನು ದಢಾರನೆ ಹಾಕುವುದು ನಿಷಿದ್ಧ. ಚಹಾ ತರುವವರು ತುದಿಗಾಲಿನಲ್ಲಿ ಬರತಕ್ಕದ್ದು.

7. ಇಷ್ಟಾಗಿಯೂ ಚಿತ್ರವು 112ನೇ ಪುಟಕ್ಕೆ ಹೋದಲ್ಲಿ, ಸದರಿ ಅಧ್ಯಾಯದ ಹೆಸರನ್ನು ‘ಅನುಭವಸಂಪನ್ನ ಸಾಮಾನುಗಳು’ ಎಂದು ಬದಲಿಸಿ ಮರ್ಯಾದೆ ಉಳಿಸತಕ್ಕದ್ದು.

ಸೇರ್ಪಡೆ: ಮೇಲಿನ ನಿಯಮ ಬೆರಳಚ್ಚಾಗುತ್ತಿದ್ದಂತೆಯೇ ಬೆರಳಚ್ಚುಗಾರ್ತಿಯವರ ಅಳಿಯನಿಂದ ಫೋನು ಬಂದು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರೆ ಎಂದು ತಿಳಿಯಿತು. ಬೆನ್ನಿಗೇ ಫೋಟೊ ಬಂದಿತು. “ಅಕ್ಕಾ, ದೊಡ್ಡದ್ ಮಾಡಿ ತೋರ್ಸಿ” ಎಂದು ಎಲ್ಲರೂ ಮುಗಿಬಿದ್ದ ಕಾರಣ, ಅದನ್ನು ಪರದೆಯ ಮೇಲೆ ಕೈಗೆ ಸಿಕ್ಕಿದ ಕಡತದೊಳಗೆ ಅಂಟಿಸಲಾಯಿತು. ಅದು ವಾರ್ಷಿಕ ವರದಿಯ ಮುನ್ನುಡಿಯಾಗಿತ್ತು. “ನಾನ್ ಹೊರಟೆ ಸಾರ್. ನಿಮ್ಮ ನಿರ್ದೇಶಕ್ರನ್ನ ನೀವೇ ಹಿಡ್ಕೊಂಡ್ ಕೂತ್ಕೊಳ್ಳಿ” ಎಂದು ಬೆರಳಚ್ಚುಗಾರ್ತಿಯವರು ಚೀಲ ಎತ್ತಿಕೊಂಡು ನಿರ್ಗಮಿಸಿದರು. ಈ ಸೇರ್ಪಡೆಯಿಂದ ಮುಂದಿನದೆಲ್ಲವನ್ನೂ ಕೆಳಸಹಿದಾರರೇ ಒಂದು ಬೆರಳಿನಿಂದ ಬೆರಳಚ್ಚು ಮಾಡಿರುತ್ತಾರೆ.

ಮಗುವಿನ ಫೋಟೊವನ್ನು ತೆಗೆಯಲು ನಡೆಸಿದ ಪ್ರಯತ್ನಗಳೆಲ್ಲ ವಿಫಲವಾಗಿವೆ. ಎಂಟರ್ ಒತ್ತಿದರೂ ಅದು ಕದಲಲಿಲ್ಲ, ಉದ್ದೇಶಪೂರ್ವಕವಾಗಿ ಸೀನಿದರೂ ಕದಲಲಿಲ್ಲ. ಅದರ ಕೆಳಗೆ ‘ಮಾನ್ಯ ನಿರ್ದೇಶಕರು’ ಎಂಬ ಅಡಿಬರಹವೂ ಇದ್ದಲ್ಲಿಯೇ ಇತ್ತು. ಬೇರೆ ದಾರಿ ಕಾಣದೆ, ಜೀವ ಕೈಯಲ್ಲಿ ಹಿಡಿದುಕೊಂಡು ವರದಿಯನ್ನು ಹಾಗೆಯೇ ಮಂಡಿಸಲಾಯಿತು. ಮಾನ್ಯ ನಿರ್ದೇಶಕರು ಕನ್ನಡಕ ಏರಿಸಿ, ಕೂದಲಿಲ್ಲದ ಆ ತಲೆಯನ್ನೂ ಮುಚ್ಚಿದ ಆ ಕಣ್ಣುಗಳನ್ನೂ ಬಹಳ ಹೊತ್ತು ಪರಿಶೀಲಿಸಿ, “ಇದೇ ಇರ್ಲಿ ಬಿಡ್ರಿ. ಇದ್ರಲ್ಲಿ ನಾನು ಚೆನ್ನಾಗ್ ಬಂದಿದೀನಿ” ಎಂದು ಸಹಿ ಮಾಡಿರುತ್ತಾರೆ.

ವರದಿಯು ಈ ರೀತಿ ಅಂತಿಮಗೊಂಡಿರುವುದರಿಂದ, ಬೆರಳಚ್ಚುಗಾರ್ತಿಯವರ ರಜೆಯನ್ನು ಅವರು ಚೀಲ ಎತ್ತಿಕೊಂಡ ಗಳಿಗೆಯಿಂದ ಅನ್ವಯವಾಗುವಂತೆ ಸಂತೋಷದಿಂದ ಮಂಜೂರು ಮಾಡಲಾಗಿದೆ. ‘ಸಂತೋಷದಿಂದ’ ಎಂಬ ಪದವು ನಿಗದಿತ ನಮೂನೆಯಲ್ಲಿ ಇರುವುದಿಲ್ಲ. ಇರಲಿ ಎಂದು ಬಿಡಲಾಗಿದೆ.

ಸಹಿ/- (ಮಗುವಿನ ಫೋಟೊದ ಹಿಂದೆ ಸೇರಿಹೋಗಿದೆ)
ಮುಖ್ಯಸ್ಥರು, ವರದಿ ವಿಭಾಗ

ಪ್ರತಿ:
1. ಮಾನ್ಯ ನಿರ್ದೇಶಕರ ಆಪ್ತ ಸಹಾಯಕರಿಗೆ: ಹಳೆಯ ಭಾವಚಿತ್ರ ಇನ್ನೂ 112ನೇ ಪುಟದಲ್ಲೇ ಇರುವುದರಿಂದ, ಸಾಹೇಬರು ಅಷ್ಟು ದೂರ ಓದದಂತೆ ನೋಡಿಕೊಳ್ಳಲು.
2. ಕಿಟಕಿ ಪಕ್ಕದ ಗುಮಾಸ್ತರಿಗೆ: 57ನೇ ಪುಟ ಇಂದೂ ಖಾಲಿಯಾಗಿದೆಯೇ ಎಂದು ತುರ್ತಾಗಿ ತಿಳಿಸಲು.
3. ಹಿರಿಯ ಬೆರಳಚ್ಚುಗಾರ್ತಿಯವರಿಗೆ, ಮಗಳ ಮನೆ ವಿಳಾಸಕ್ಕೆ: ವಾಪಸಾಗಲು ಅವಸರವೇನಿಲ್ಲವೆಂಬ ಮಾಹಿತಿಗಾಗಿ.
4. ನವಜಾತ ಶಿಶುವಿಗೆ: ಮುಂದಿನ ವರ್ಷದ ವರದಿ ಸಿದ್ಧವಾಗುವವರೆಗೆ ಕೂದಲು ಬೆಳೆಸದಿರುವಂತೆ ಸೂಚಿಸಿ.