ಪೀಣ್ಯದ ವೈನ್ ತೊಟ್ಟಿಯಲ್ಲಿ ಯಾರೋ ಇದ್ದರು

ನಾನು ಎಲ್ಲಿ ಕೆಲಸಕ್ಕೆ ಸೇರಿದರೂ ಒಂದಲ್ಲ ಒಂದು ಎಡವಟ್ಟು ನನ್ನನ್ನು ಹುಡುಕಿಕೊಂಡು ಬರುತ್ತದೆ. ಹನ್ನೆರಡು ವರ್ಷ ಸಾಸ್ ಕಾರ್ಖಾನೆಯಲ್ಲಿ ಟೊಮ್ಯಾಟೊ ಬೇಯಿಸಿಕೊಂಡು ತೆಪ್ಪಗಿದ್ದವನು, ವೈನ್ ಮಾಡುವ ಹುಚ್ಚು ಹಿಡಿದು ಪೀಣ್ಯದ ಒಂದು ಶೆಡ್ಡಿಗೆ ಬಂದೆ. ಮಾಲೀಕರ ದ್ರಾಕ್ಷಿತೋಟ ಇರುವುದು ಮಾರ್ಚಿನಲ್ಲೂ ಸ್ವೆಟರ್ ಹಾಕಬೇಕಾದ ಬೆಟ್ಟದ ಮೇಲೆ. ಆ ಚಳಿಯಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಫಸಲೂ ಅಷ್ಟಕ್ಕಷ್ಟೆ. ಮೊದಲ ವರ್ಷ ಸಿಕ್ಕಿದ್ದು ಒಂದೇ ಒಂದು ತೊಟ್ಟಿಗಾಗುವಷ್ಟು ಕಪ್ಪು ದ್ರಾಕ್ಷಿ.

"ಇದು ಕೆಟ್ರೆ ಬಳ್ಳಿ ಎಲ್ಲಾ ಕಿತ್ತು ಬಟರ್‌ಫ್ರೂಟ್ ಹಾಕ್ತೀನಿ ಕಣ್ರೀ" ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದರು. ತಮಾಷೆಗಲ್ಲ, ಸಸಿಗಳ ರೇಟೂ ವಿಚಾರಿಸಿದ್ದರು.

೧. ಪೆಟ್ಟಿಗೆ

ನಮಗಿಂತ ಮುಂಚೆ ಆ ಶೆಡ್ಡಿನಲ್ಲಿದ್ದವರು ಹೆಣ ಇಡುವ ಫ್ರೀಜರ್ ಪೆಟ್ಟಿಗೆ ತಯಾರಿಸುತ್ತಿದ್ದರಂತೆ. ಇದು ನನಗೆ ಗೊತ್ತಾಗಿದ್ದು ದ್ರಾಕ್ಷಿ ತುಂಬಿಸಿದ ಮೇಲೆ. ಒಂದು ಬೆಳಿಗ್ಗೆ ಬಿಳಿ ಪಂಚೆಯವರೊಬ್ಬರು ಬಂದು ಮೆಲ್ಲಗೆ ಕೇಳಿದರು.

"ಸಾರ್, ದೊಡ್ಡಪ್ಪ ಹೋಗ್ಬಿಟ್ರು. ಒಂದು ಪೆಟ್ಟಿಗೆ ಬೇಕಿತ್ತು. ಆರಡಿ ಆಳು."

"ಇಲ್ಲ ಸಾರ್, ಅವ್ರು ಖಾಲಿ ಮಾಡ್ಕೊಂಡು ಹೋದ್ರು. ನಾವಿಲ್ಲಿ ರೆಡ್ ವೈನ್ ಮಾಡ್ತೀವಿ" ಎಂದೆ.

ಅವರು ಕಣ್ಣೊರೆಸಿಕೊಂಡು, ಒಳಗಿನ ತೊಟ್ಟಿಯನ್ನೊಮ್ಮೆ ಇಣುಕಿ ನೋಡಿ, ಜೇಬಿನಿಂದ ಫೋನ್ ತೆಗೆದರು.

"ನಂಬರ್ ಕೊಡಿ ಸಾರ್. ಹನ್ನೊಂದನೇ ದಿನ ಎಡೆಗೆ ಬೇಕಾಯ್ತದೆ."

೨. ಉಸಿರು

ಶೆಡ್ಡಿನಲ್ಲಿ ನನ್ನ ಜೊತೆ ಇಬ್ಬರು. ತೊಟ್ಟಿಯ ಕೆಲಸಕ್ಕೆ ಒಬ್ಬ ಅಕ್ಕ. ಗೇಟಿಗೆ ಅದೇ ಊರಿನ ಗೌಡರು. ಆರು ಮನೆ ಬಾಡಿಗೆಗೆ ಬಿಟ್ಟಿದ್ದರೂ ಹೊತ್ತು ಹೋಗುವುದಿಲ್ಲವೆಂದು ವಾಚ್‌ಮನ್ ಆದವರು. ಸಂಬಳ ಕಟ್ ಮಾಡುತ್ತೇನೆಂದು ಹೆದರಿಸಿದರೆ ನಗುತ್ತಿದ್ದರು.

ದ್ರಾಕ್ಷಿರಸ ಹುಳಿಯತೊಡಗಿದ ಮೂರನೆಯ ದಿನ ಗೌಡರು ಮುಖ ಸಣ್ಣದು ಮಾಡಿಕೊಂಡು ಬಂದರು. "ಸಾರ್, ಒಳಗೆ ಯಾರೋ ಉಸ್ರಾಡ್ತಾವ್ರೆ."

ಹೋಗಿ ಕಿವಿಗೊಟ್ಟೆ. ನಿಜ ಹೇಳಬೇಕೆಂದರೆ ಉಸಿರಾಟದ ಹಾಗೇ ಇತ್ತು. ಮುಚ್ಚಳದ ಕೊಳವೆಯಿಂದ ಗಾಳಿ ಪಕ್ಕದ ಡಬ್ಬದ ನೀರಿಗೆ ಬಂದು ಗುಳುಕ್ ಎನ್ನುತ್ತಿತ್ತು, ಸ್ವಲ್ಪ ತಡೆದು ಮತ್ತೆ ಗುಳುಕ್. ನನಗೂ ಮೈ ಜುಮ್ಮೆಂದಿತು. ಆದರೂ ತಿಳಿದವನ ಗತ್ತಿನಲ್ಲಿ ವಿವರಿಸಿದೆ.

"ಅದು ಯೀಸ್ಟು ಗೌಡ್ರೇ. ಕಣ್ಣಿಗೆ ಕಾಣದ ಜೀವಿಗಳು. ಸಕ್ಕರೆ ತಿಂದು ಗಾಳಿ ಬಿಡ್ತವೆ."

"ಜೀವ ಐತಾ? ಎಷ್ಟವೆ?"

"ಕೋಟಿ ಕೋಟಿ. ಸಕ್ಕರೆ ಮುಗಿದ ಮೇಲೆ ಎಲ್ಲಾ ಸತ್ತು ತಳ ಸೇರ್ತವೆ."

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. "ಕೋಟಿಗಟ್ಲೆ ಸಾಯೋ ಜಾಗಕ್ಕೆ ನನ್ನೊಬ್ನೇ ಕಾವ್ಲಿಗೆ ಇಟ್ಟಿದ್ದೀರಾ ಸಾರ್?"

೩. ದೀಪ

ಅಮಾವಾಸ್ಯೆ ಬಂತು. ಪೀಣ್ಯದಲ್ಲಿ ಅಮಾವಾಸ್ಯೆಗೆ ಕುಂಬಳಕಾಯಿ ಒಡೆಯದ ಶೆಡ್ಡಿಲ್ಲ. ಅಕ್ಕ ಬೆಳಿಗ್ಗೆ ಶಟರ್ ತೆಗೆದವರೇ ತೊಟ್ಟಿಗೆ ಕುಂಕುಮವಿಟ್ಟು, ಬುಡದಲ್ಲಿ ದೀಪ ಹಚ್ಚಿಟ್ಟರು. ದೀಪ ಆರಿತು. ಮತ್ತೆ ಹಚ್ಚಿದರು. ಗಾಳಿಯಿಲ್ಲ, ಫ್ಯಾನಿಲ್ಲ, ಯಾರೋ ಬೆರಳಲ್ಲಿ ಹಿಸುಕಿದ ಹಾಗೆ ಮತ್ತೆ ಆರಿತು. ಮೂರನೆಯ ಸಲ ಎಣ್ಣೆ ಹೆಚ್ಚು ಹಾಕಿದರು. ಆಗಲೂ ಅಷ್ಟೇ.

ಅಕ್ಕ ಬೆಂಕಿಪೊಟ್ಟಣ ಹಿಡಿದು ನನ್ನ ಮುಖ ನೋಡಿದರು. ನಾನು ಸುಮ್ಮನಿರಬಾರದೆ?

"ಹೆದರಬೇಡಿ ಅಕ್ಕಾ. ಯೀಸ್ಟು ಬಿಡೋ ಗಾಳಿ ಭಾರ, ನೆಲದಲ್ಲೇ ನಿಲ್ಲತ್ತೆ. ಅದ್ರಲ್ಲಿ ದೀಪ ಉರಿಯಲ್ಲ. ಅಲ್ಲೇ ಜಾಸ್ತಿ ಹೊತ್ತು ಕೂತ್ರೆ ಮನುಷ್ಯರೂ ಅಷ್ಟೇ, ಆರಿಹೋಗ್ತೀವಿ."

ಅಕ್ಕ ತಟ್ಟೆ ಅಲ್ಲೇ ಬಿಟ್ಟು ಹೊರಟರು. ಗೌಡರು ಅವರಿಗಿಂತ ಮುಂಚೆಯೇ ಗೇಟು ದಾಟಿ, ಆಚೆಯಿಂದ ಕೂಗಿ ಹೇಳಿದರು: "ಕುಂಬ್ಳಕಾಯಿ ನೀವೇ ಒಡ್ಕಳಿ ಸಾರ್!"

೪. ಮೈಮೇಲೆ

ತೊಟ್ಟಿಯಲ್ಲಿ ದ್ರಾಕ್ಷಿಯ ಸಿಪ್ಪೆ ಉಬ್ಬಿ ಮೇಲೆ ಬರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರದ ಕೋಲಿನಿಂದ ಅದನ್ನು ಒಳಕ್ಕೆ ಅದುಮಬೇಕು. ತಪ್ಪಿದರೆ ಒಣಗಿ, ಹುಳಿತು, ಎಲ್ಲ ವಿನೆಗರ್. ಅಂದರೆ ಬೆಟ್ಟದ ತುಂಬ ಬಟರ್‌ಫ್ರೂಟ್.

ಅವತ್ತು ಸಂಜೆ ಐದಕ್ಕೆ ನಾನೊಬ್ಬನೇ ಫ್ಯಾನ್ ಹಾಕಿ, ಶಟರ್ ಅರ್ಧ ಎತ್ತಿ, ಕೋಲು ಹಿಡಿದು ಏಣಿ ಹತ್ತಿದೆ. ಯೀಸ್ಟು, ಗಾಳಿ, ಭಾರ ಎಲ್ಲ ನನಗೆ ಗೊತ್ತು. ಗೊತ್ತಿದ್ದೂ ಹೆದರಿಕೆಯಾಯಿತು. ಅದುಮಿದಾಗ ಒಳಗಿನಿಂದ ನಿಟ್ಟುಸಿರು ಬರುತ್ತಿತ್ತು. ಧೈರ್ಯಕ್ಕೆಂದು ಜೋರಾಗಿ ಮಾತಾಡತೊಡಗಿದೆ.

"ಒದ್ದಾಡಬೇಡಿ! ಇನ್ನೆಂಟು ದಿನ ಅಷ್ಟೇ! ಎಲ್ಲರೂ ಸತ್ತು ತಳ ಸೇರ್ತೀರಾ!"

ಹಿಂತಿರುಗಿ ನೋಡಿದರೆ ಶಟರ್ ಕೆಳಗೆ ಬಗ್ಗಿದ ಎರಡು ಮುಖಗಳು. ಅಕ್ಕ ಮರೆತುಹೋದ ಟಿಫನ್ ಡಬ್ಬಿಗೆಂದು ಗೌಡರನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ನನ್ನ ಎರಡೂ ಕೈ ಮೊಣಕೈವರೆಗೆ ಕೆಂಪು. ಮುಖಗಳು ಮಾಯವಾದವು.

ಕಥೆ ಮುಗಿಯಿತು ಅಂದುಕೊಂಡೆ. ಮರುದಿನ ನೋಡಿದರೆ ಇಬ್ಬರೂ ನನಗಿಂತ ಮುಂಚೆ ಬಂದು, ನಗುನಗುತ್ತಾ ಬೇವಿನ ಸೊಪ್ಪು ಹಿಡಿದು ನಿಂತಿದ್ದಾರೆ.

"ತೊಟ್ಟಿ ಈಗ ಖಾಲಿ ಸಾರ್" ಎಂದರು ಅಕ್ಕ. "ಅದು ನಿಮ್ ಮೈಮೇಲೆ ಬಂದ್ಬಿಟ್ಟೈತೆ. ಇನ್ನು ನಮಗೇನು ಭಯ?"

"ನನ್ನ ಮೈಮೇಲೆ ಯಾರೂ ಇಲ್ಲ ಅಕ್ಕಾ!"

"ಅದು ಅಂಗೇ ಅನ್ನೋದು" ಎಂದು ಗೌಡರು ನನ್ನ ತಲೆಗೆ ಬೇವಿನ ಸೊಪ್ಪು ಸವರಿದರು.

ವಾದಿಸಲು ಬಾಯಿ ತೆರೆದವನು ಮುಚ್ಚಿಕೊಂಡೆ. ನನ್ನ ಮೈಮೇಲಿಲ್ಲ ಎಂದರೆ ಅದು ತೊಟ್ಟಿಗೆ ವಾಪಸ್, ಇವರಿಬ್ಬರೂ ಮನೆಗೆ ವಾಪಸ್. ಅಂದಿನಿಂದ ನನಗೆ ಶಟರಿನ ಹೊರಗೆ ಗೌಡರ ಕುರ್ಚಿ. ದಿನಾ ಬೆಳಿಗ್ಗೆ ಮುಚ್ಚಳ ತೆಗೆಯುವ ಮೊದಲು ಅಕ್ಕ ಒಳಗಿನಿಂದಲೇ "ಇದೀಯಾ?" ಎಂದು ಕೂಗುತ್ತಿದ್ದರು. ನಾನು ಹೊರಗಿನಿಂದ ದಪ್ಪ ದನಿಯಲ್ಲಿ "ಇದೀನಿ" ಎನ್ನಬೇಕು. ಆಮೇಲೆ ಕೆಲಸ ಶುರು.

ಎಂಟನೆಯ ದಿನ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡೆ. ಸಿಪ್ಪೆ ಒಣಗುತ್ತಿದೆ ಎಂದು ಓಡುತ್ತಾ ಬಂದರೆ ಅಕ್ಕ ಆಗಲೇ ಕೆಲಸ ಮುಗಿಸಿ ಕೋಲು ತೊಳೆಯುತ್ತಿದ್ದಾರೆ.

"ಪರವಾಗಿಲ್ವೇ! ನನ್ನ ಕೇಳದೇನೇ ಮುಚ್ಚಳ ತೆಗೆದ್ರಾ?"

"ಕೇಳ್ದೆನಲ್ಲ ಸಾರ್. ಇದೀಯಾ ಅಂದೆ. ಇದೀನಿ ಅಂದ್ರಲ್ಲ."

ಗೌಡರದೇ ಕಿತಾಪತಿ ಎಂದು ತಿರುಗಿದೆ. ಅವರು ನನ್ನ ಹಿಂದೆಯೇ ಗೇಟು ತೆಗೆದುಕೊಂಡು ಬರುತ್ತಿದ್ದರು. "ಲೇಟಾಯ್ತು ಸಾರ್. ಸಂತೆಗೋಗಿದ್ದೆ, ನಿಮ್ ಹಿಂದೇನೇ ಅದೇ ಸಿಗ್ನಲ್ಲಲ್ಲಿ ನಿಂತಿದ್ದೆ."

ವೈನ್ ಚೆನ್ನಾಗಿಯೇ ಬಂತು. ಮಾಲೀಕರು ಬಳ್ಳಿ ಕೀಳಲಿಲ್ಲ. ಆದರೆ ತೊಟ್ಟಿ ಖಾಲಿಯಾಗುವವರೆಗೂ ನಾನು ಆ ಹೊರಗಿನ ಕುರ್ಚಿ ಬಿಟ್ಟು ಏಳಲಿಲ್ಲ. ಕೂರಿ ಅಂತ ಯಾರೂ ಹೇಳಬೇಕಾಗಲಿಲ್ಲ.